ತೂಬಿನ ಹಲಗೆ ಯಾರ ಕೈಯಲ್ಲಿ? ಗೋವಾದಿಂದ ಗಜನಿ ರೈತರಿಗೊಂದು ಬಹಿರಂಗ ಪತ್ರ

ಅಘನಾಶಿನಿ ದಂಡೆಯ ಗಜನಿ ರೈತ ಬಂಧುಗಳಿಗೆ,

ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ನೀವು ಗಜನಿ ಎಂದು ಕರೆಯುವ ಭೂಮಿಗೆ ಗೋವಾದವರು ಖಾಜನ್ ಎನ್ನುತ್ತಾರೆ. ಎರಡೂ ಹೆಸರು ಒಂದೇ ಬೇರಿನವು ಎಂದು ಕೇಳಿದ ಕೂಡಲೇ ಅನಿಸುತ್ತದೆ. ಗೋವಾದಲ್ಲಿ ಸಿಕ್ಕಿರುವ, ಸುಮಾರು ಆರನೇ ಶತಮಾನದ ತಾಮ್ರಪಟಗಳಲ್ಲಿ ‘ಖಜ್ಜನ’ ಎಂಬ ಮಾತು ಬರುತ್ತದೆ. ಆ ಕಾಲಕ್ಕಾಗಲೇ ಅಳಿವೆಯ ಕೆಸರಿಗೆ ಕಟ್ಟ ಹಾಕಿ, ಉಪ್ಪುನೀರನ್ನು ಆಚೆ ನಿಲ್ಲಿಸಿ, ಭತ್ತ ಬೆಳೆಯುವ ಜನ ಇಲ್ಲಿದ್ದರು. ನಿಮ್ಮ ಹಿರಿಯರು ಮತ್ತು ಇಲ್ಲಿಯವರ ಹಿರಿಯರು ಒಂದೇ ಕರಾವಳಿಯಲ್ಲಿ ಒಂದೇ ವಿದ್ಯೆ ಕಲಿತವರು. ಆ ವಿದ್ಯೆ ಗೋವಾದಲ್ಲಿ ಹೇಗೆ ಕೈತಪ್ಪುತ್ತಿದೆ ಎಂಬುದನ್ನು ನಿಮಗೆ ತಿಳಿಸುವುದಕ್ಕಾಗಿಯೇ ಈ ಪತ್ರ. ತಡವಾಗುವ ಮೊದಲೇ ತಿಳಿಸಬೇಕೆಂಬ ಕಾಳಜಿ ಇದರ ಹಿಂದಿದೆ.

ಗೋವಾದ ಒಟ್ಟು ವಿಸ್ತೀರ್ಣ 3,702 ಚದರ ಕಿಲೋಮೀಟರ್. ಅದರಲ್ಲಿ ಸುಮಾರು 18 ಸಾವಿರ ಹೆಕ್ಟೇರ್ ಖಾಜನ್ ಭೂಮಿ. ಅಂದರೆ ರಾಜ್ಯದ ನೆಲದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು, ಕಟ್ಟ ಇಲ್ಲದಿದ್ದರೆ ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗೇಳುವಂಥದ್ದು. ಮಾಂಡೋವಿ, ಜುವಾರಿ ನದಿಗಳಲ್ಲಿ ಉಬ್ಬರದ ಪ್ರಭಾವ ಅಳಿವೆಯಿಂದ ಸುಮಾರು 50 ಕಿಲೋಮೀಟರ್ ಒಳನಾಡಿನವರೆಗೂ ಏರುತ್ತದೆ. ಹಾಗಾಗಿ ಸಮುದ್ರವನ್ನೇ ಕಾಣದ ಊರಿನ ರೈತನೂ ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕ ಇಟ್ಟುಕೊಂಡೇ ಬದುಕಬೇಕು.

ಇಲ್ಲಿಯ ಕಟ್ಟವನ್ನು ನೋಡಿದರೆ ನಿಮಗೆ ಹೊಸದೆನಿಸಲಿಕ್ಕಿಲ್ಲ. ಹೊರಗಡೆ, ನದಿಯ ಹೊಡೆತಕ್ಕೆ ಎದುರಾಗಿ ಕೆಂಪು ಚಿರೆಕಲ್ಲು. ಒಳಗಡೆ ಹೊಲದಿಂದಲೇ ತೆಗೆದ ಜೇಡಿಮಣ್ಣು, ಅದನ್ನು ಹಿಡಿದಿಡಲು ಹುಲ್ಲು, ಕಾಂಡ್ಲಾ (ಮ್ಯಾಂಗ್ರೋವ್) ಕೊಂಬೆ. ಕಟ್ಟದ ಹೊರಮೈಗೆ ಕಾಂಡ್ಲಾ ಗಿಡಗಳ ಒಂದು ಸಾಲನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಅಲೆಯ ಸಿಟ್ಟು ಮೊದಲು ಅವುಗಳ ಬೇರಿನಲ್ಲಿ ಇಳಿಯಲಿ ಎಂದು. ಇಡೀ ರಚನೆಯ ಜೀವ ಇರುವುದು ‘ಮಾನಸ್’ ಎಂಬ ತೂಬಿನಲ್ಲಿ. ಕಲ್ಲಿನ ಚೌಕಟ್ಟಿಗೆ ಮರದ ಬಾಗಿಲು. ಉಬ್ಬರ ಏರಿದಾಗ ನದಿಯ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಮಟ್ಟ ಮೇಲಾದಾಗ ಅದೇ ನೀರು ಬಾಗಿಲನ್ನು ತಳ್ಳಿ ತೆರೆದು ಹೊರಗೆ ಹರಿಯುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಮಳೆಗಾಲವಿಡೀ ಗದ್ದೆಯ ಹೆಚ್ಚುವರಿ ನೀರು ಹೀಗೇ ಬರಿದಾಗುತ್ತದೆ, ಉಪ್ಪು ಮಾತ್ರ ಒಳಗೆ ಬರುವುದಿಲ್ಲ. ಇದಕ್ಕೆ ಮನುಷ್ಯರು ಮಾಡಬೇಕಾದ ಕೆಲಸ ಒಂದೇ: ಹಲಗೆ ಕೊಳೆಯದಂತೆ, ಸಂದಿಯಲ್ಲಿ ಕಸ ಸಿಕ್ಕದಂತೆ, ಕಟ್ಟದಲ್ಲಿ ಏಡಿ ತೋಡಿದ ಬಿಲ ಬೆಳೆಯದಂತೆ ದಿನವೂ ನೋಡಿಕೊಳ್ಳುವುದು. ಏಡಿಯ ಬಿಲ ಎಂದರೆ ಸಣ್ಣದೆನಿಸಬಹುದು. ಆದರೆ ಅಲ್ಲಿಂದ ಮೊದಲು ನೀರು ಜಿನುಗುತ್ತದೆ, ಆಮೇಲೆ ಮಣ್ಣು ಕರಗುತ್ತದೆ, ಒಂದು ದೊಡ್ಡ ಉಬ್ಬರದ ರಾತ್ರಿ ಕಟ್ಟವೇ ಬಾಯಿ ತೆರೆಯುತ್ತದೆ.

ತೂಬಿನ ಒಳಮಗ್ಗುಲಿಗೆ ‘ಪೊಯಿಂ’ ಎಂಬ ಆಳದ ಮಡು. ಗದ್ದೆಗಳ ನಡುವಿನ ಕಾಲುವೆಗಳೆಲ್ಲ ಬಂದು ಸೇರುವುದು ಅಲ್ಲಿಗೆ. ಏಡಿ, ಸೀಗಡಿ, ಮೀನು ಬೆಳೆಯುವುದೂ ಅಲ್ಲೇ. ಇಳಿತದ ಹೊತ್ತಿಗೆ ನೀರು ಹೊರಗೆ ಹರಿಯುವಾಗ ತೂಬಿನ ಬಾಯಿಗೆ ಬಲೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಕೊರ್ಗುಟ್, ಆಸ್ಗೊದಂಥ ಉಪ್ಪು ತಡೆಯುವ ಭತ್ತ, ಬೇಸಿಗೆಯಲ್ಲಿ ಮೀನು, ಕೆಲವು ಕಡೆ ಕೊಯ್ಲಿನ ನಂತರ ತರಕಾರಿ, ಇನ್ನು ಕೆಲವು ಕಡೆ ಉಪ್ಪಿನ ಆಗರ. ನಿಮ್ಮ ಮಗ್ಗುಲಿನ ಸಾಣಿಕಟ್ಟಾದಲ್ಲಿ ಆಗುವಂತೆಯೇ. ಗೋವಾದವರ ಊಟ ಎಂದರೆ ಮೀನು ಸಾರು, ಅನ್ನ. ಆ ತಟ್ಟೆಯ ಎರಡೂ ಪದಾರ್ಥ ಒಂದೇ ಕಟ್ಟದ ಒಳಗಿಂದ ಬರುತ್ತಿದ್ದವು ಎಂಬುದು ಇಂದಿನ ಪಣಜಿಯ ಹುಡುಗರಿಗೆ ಹೇಳಿದರೆ ಮಾತ್ರ ತಿಳಿಯುತ್ತದೆ.

ಕಟ್ಟದ ಬಗೆಗಿನ ಭಯ ಮತ್ತು ಭಕ್ತಿ ಎಷ್ಟಿತ್ತು ಎಂಬುದಕ್ಕೆ ಫೋಂಡಾ ತಾಲ್ಲೂಕಿನ ದುರ್ಭಾಟ್‌ನಲ್ಲಿ ಒಂದು ಆಚರಣೆ ಇನ್ನೂ ಉಳಿದಿದೆ. ಪುಷ್ಯ ಮಾಸದ ಅಮಾವಾಸ್ಯೆಯಂದು ಅಲ್ಲಿಯ ರೈತರು ಖಾಜನ್ ಕೆಸರಿನಿಂದ ಮೊಸಳೆಯೊಂದನ್ನು ತಿದ್ದುತ್ತಾರೆ. ಚಿಪ್ಪುಗಳಿಂದ ಅಲಂಕಾರ, ಕುಂಕುಮ, ಪೂಜೆ. ಇದಕ್ಕೆ ‘ಮಾಂಗೆ ಥಾಪ್ಣಿ’ ಎಂದು ಹೆಸರು. ಮಾಂಡೋವಿ ಮತ್ತು ಜುವಾರಿಗಳನ್ನು ಜೋಡಿಸುವ ಕುಂಭಾರಜುವೆ ಕಾಲುವೆಯಲ್ಲಿ ಇಂದಿಗೂ ಮೊಸಳೆಗಳಿವೆ, ಅದೂ ಉಪ್ಪು ಬೆರೆತ ನೀರಿನಲ್ಲಿ. ಆ ಮೊಸಳೆಯನ್ನು ಶತ್ರುವೆಂದು ಹೊಡೆಯದೆ, ಕಟ್ಟ ಕಾಯುವ ಕಾವಲುಗಾರನೆಂದು ಪೂಜಿಸಿದ ಊರು ಇದು. ಗದ್ದೆಗೆ ನೀರು ನುಗ್ಗಬಾರದು, ಬೆಳೆ ಉಳಿಯಬೇಕು ಎಂಬುದೇ ಆ ಪೂಜೆಯ ಬೇಡಿಕೆ. ಜೀವವೈವಿಧ್ಯ, ಸಂರಕ್ಷಣೆ ಎಂಬ ಮಾತುಗಳು ಹುಟ್ಟುವ ಎಷ್ಟೋ ಮೊದಲೇ ಕಾಡುಪ್ರಾಣಿಗೂ ಬೇಸಾಯಕ್ಕೂ ನಡುವೆ ಇಂಥ ಒಪ್ಪಂದ ಆಗಿಹೋಗಿತ್ತು.

ಪೂಜೆಯೊಂದರಿಂದಲೇ ಕಟ್ಟ ನಿಲ್ಲಲಿಲ್ಲ. ಅದರ ಹಿಂದೆ ಊರಿನ ಕಟ್ಟುಪಾಡು ಇತ್ತು. ಗೋವಾದ ಹಳ್ಳಿಗಳಲ್ಲಿ ಭೂಮಿ ಒಬ್ಬೊಬ್ಬರದಾಗಿರಲಿಲ್ಲ, ಊರಿನ ಮೂಲ ಮನೆತನಗಳವರಾದ ಗಾಂವಕಾರರ ಕೂಟದ್ದಾಗಿತ್ತು. ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಡುವುದು, ಬಂದ ಹಣದಲ್ಲಿ ಕಟ್ಟ, ತೂಬು, ದೇವಸ್ಥಾನದ ಖರ್ಚು ನೋಡುವುದು, ಉಳಿದದ್ದನ್ನು ಹಂಚಿಕೊಳ್ಳುವುದು ಆ ಕೂಟದ ಕ್ರಮ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಹದಿನಾರು ವರ್ಷಗಳ ನಂತರ, 1526ರಲ್ಲಿ, ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿ ಈ ಹಳ್ಳಿಗಳ ನಡವಳಿಕೆಗಳನ್ನು ‘ಫೊರಾಲ್’ ಎಂಬ ದಾಖಲೆಯಲ್ಲಿ ಬರೆಸಿಟ್ಟ. ದೇವಸ್ಥಾನಗಳನ್ನು ಕೆಡವಿದ ಆಳ್ವಿಕೆಯೂ ಗದ್ದೆಯ ಕಟ್ಟುಪಾಡನ್ನು ಕೆಡವಲಿಲ್ಲ. ಕಟ್ಟ ಬಿದ್ದರೆ ತನ್ನ ಕಂದಾಯವೂ ಮುಳುಗುತ್ತದೆ ಎಂಬುದು ಅದಕ್ಕೆ ಗೊತ್ತಿತ್ತು. ಕೂಟಕ್ಕಿದ್ದ ಗಾಂವಕರಿ ಎಂಬ ಹೆಸರು ಹೋಗಿ ‘ಕೊಮುನಿದಾದ್’ ಎಂಬ ಹೆಸರು ಬಂತು. ಇಂದಿಗೂ ಗೋವಾದಲ್ಲಿ 223 ಕೊಮುನಿದಾದ್‌ಗಳಿವೆ. ಹಳೆಯ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವಿಲ್ಲ. ಅಲ್ಲಿ ಜಾತಿಯ ಏಣಿಯಿತ್ತು, ಪಾಲು ಗಂಡಸರಿಗೆ ಮಾತ್ರವಿತ್ತು, ಕೆಸರಿನಲ್ಲಿ ಬೆನ್ನು ಬಗ್ಗಿಸಿದವರಿಗೆ ಕೂಟದಲ್ಲಿ ದನಿಯಿರಲಿಲ್ಲ. ಆದರೂ ಒಂದು ವಿಷಯದಲ್ಲಿ ಅದು ಗಟ್ಟಿಯಾಗಿತ್ತು: ಭತ್ತ ಮನೆಗೆ ಬರುವವರೆಗೆ ತೂಬು ಭತ್ತದ ಮಾತನ್ನೇ ಕೇಳಬೇಕು.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. 1964ರಲ್ಲಿ ಗೇಣಿ ಕಾನೂನು ಬಂತು, 1976ರ ತಿದ್ದುಪಡಿ ಉಳುವವರನ್ನೇ ಒಡೆಯರನ್ನಾಗಿ ಮಾಡಿತು. ನ್ಯಾಯವಾದ ಕೆಲಸ, ಆಗಲೇಬೇಕಿದ್ದ ಕೆಲಸ. ಕರ್ನಾಟಕದ 1974ರ ಭೂ ಸುಧಾರಣೆಯಿಂದ ಗದ್ದೆ ಪಡೆದ ನಿಮ್ಮ ಮನೆಗಳಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಗದ್ದೆಯನ್ನು ತುಂಡು ತುಂಡಾಗಿ ಹಂಚಬಹುದು, ಕಟ್ಟವನ್ನು ಹಂಚಲಾಗುವುದಿಲ್ಲ. ಎರಡು ಕಿಲೋಮೀಟರ್ ಉದ್ದದ ಕಟ್ಟದಲ್ಲಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಎಲ್ಲರ ಗದ್ದೆಯೂ ಉಪ್ಪಾಗುತ್ತದೆ. ಕೊಮುನಿದಾದ್ ಕೈಬಿಟ್ಟ ಈ ಹೊಣೆ ಗೇಣಿದಾರರ ಸಂಘಗಳ ಮೇಲೆ ಬಿತ್ತು. ಹಳ್ಳಿ ಹಳ್ಳಿಯಲ್ಲಿ ಸಂಘಗಳು ಎದ್ದವು, ತೂಬಿನ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಆ ಹಣದಲ್ಲಿ ಕಟ್ಟ ರಿಪೇರಿ ಮಾಡಿಸುವುದು ಎಂದಾಯಿತು.

ಗೋವಾದ ಕಥೆ ದಾರಿ ತಪ್ಪಿದ್ದು ಈ ಹರಾಜಿನಲ್ಲಿ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಪ್ರವಾಸೋದ್ಯಮ ಬೆಳೆದಂತೆ ಸೀಗಡಿಗೆ ಬೆಲೆ ಏರಿತು. ಭತ್ತಕ್ಕೆ ಏರಲಿಲ್ಲ. ಮನೆಯ ಮಕ್ಕಳು ಹಡಗಿಗೆ, ಕೊಲ್ಲಿಗೆ, ಹೋಟೆಲಿಗೆ ಹೋದರು. ನಾಟಿಗೆ ಆಳು ಸಿಗುವುದು ಕಷ್ಟವಾಯಿತು. ಆಗ ಸಂಘಕ್ಕೆ ವರ್ಷದ ನಿಶ್ಚಿತ ಆದಾಯವೆಂದರೆ ತೂಬಿನ ಹರಾಜೊಂದೇ ಎಂದಾಯಿತು. ಗದ್ದೆ ಪಾಳು ಬಿದ್ದರೂ ಹರಾಜಿನ ಹಣ ಬರುತ್ತದೆ. ಹರಾಜು ಹಿಡಿದ ಗುತ್ತಿಗೆದಾರನಿಗೆ ಭತ್ತದಿಂದ ಆಗಬೇಕಾದ್ದೇನೂ ಇಲ್ಲ. ಅವನಿಗೆ ಬೇಕಾಗಿರುವುದು ಒಳಗೆ ಹೆಚ್ಚು ಉಪ್ಪುನೀರು, ಅದರೊಂದಿಗೆ ಬರುವ ಸೀಗಡಿ ಮರಿ. ಹಾಗಾಗಿ ಮುಚ್ಚಬೇಕಾದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ. ಒಳಗೆ ರಭಸದಿಂದ ನುಗ್ಗುವ ನೀರು ಒಳಬದುಗಳನ್ನು ಕೊರೆಯುತ್ತದೆ. ಪೊಯಿಂ ಅಗಲವಾಗುತ್ತದೆ, ಪಕ್ಕದ ಗದ್ದೆ ಮಡುವಿನೊಳಗೆ ಜಾರುತ್ತದೆ. ಉಪ್ಪಾದ ಗದ್ದೆಯನ್ನು ರೈತ ಬಿಡುತ್ತಾನೆ. ಬಿಟ್ಟ ಗದ್ದೆ ಹೆಚ್ಚಿದಷ್ಟೂ ತೂಬು ಮುಚ್ಚಬೇಕೆಂದು ಜಗಳ ಮಾಡುವವರು ಕಡಿಮೆಯಾಗುತ್ತಾರೆ. ಕೊನೆಗೆ ಕಟ್ಟ ಒಡೆದಾಗ ಸಂಘದ ಪುಸ್ತಕದಲ್ಲಿ ಹೆಸರುಗಳಿರುತ್ತವೆ, ಬುಟ್ಟಿ ಹಿಡಿದು ಮಣ್ಣು ಹೊರುವ ಕೈಗಳಿರುವುದಿಲ್ಲ.

ಒಡೆದ ಕಟ್ಟದ ಒಳಗೆ ಮುಂದೇನಾಗುತ್ತದೆ ಎಂಬುದನ್ನು ಗೋವಾದ ನದಿಗಳಲ್ಲಿ ದೋಣಿಯಲ್ಲಿ ಹೋದರೆ ಕಾಣಬಹುದು. ಒಂದೆರಡು ಮಳೆಗಾಲದಲ್ಲಿ ಕಾಂಡ್ಲಾ ಬೀಜಗಳು ತೇಲಿ ಬಂದು ನೆಲೆಯೂರುತ್ತವೆ. ಕೆಲವೇ ವರ್ಷಗಳಲ್ಲಿ ಗದ್ದೆಯಿದ್ದ ಜಾಗ ದಟ್ಟ ಹಸಿರು. ದೂರದಿಂದ ನೋಡುವವರಿಗೆ ಇದು ಪ್ರಕೃತಿಯ ಗೆಲುವು. ಚೋಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮದಂಥ ಕಾಂಡ್ಲಾವನಗಳು ಬೇಕು, ಉಳಿಯಲೇಬೇಕು. ಆದರೆ ಗದ್ದೆಯೊಳಗೆ ಹುಟ್ಟಿದ ಕಾಂಡ್ಲಾ ಬೇರೆಯೇ ಸಂಗತಿ. ಅದು ಮರವಾದ ಮೇಲೆ ಕಾನೂನು ಅದಕ್ಕೆ ಕಾವಲು ನಿಲ್ಲುತ್ತದೆ. ಒಡೆಯ ಮತ್ತೆ ಬೇಸಾಯಕ್ಕೆ ಮನಸ್ಸು ಮಾಡಿದರೂ ಕಡಿಯುವಂತಿಲ್ಲ. ಹಾಗೆ ಮರಳಿ ಗದ್ದೆಯಾಗುವ ದಾರಿಯೇ ಮುಚ್ಚಿಹೋಗುತ್ತದೆ. 2011ರ ಕರಾವಳಿ ನಿಯಂತ್ರಣ ಅಧಿಸೂಚನೆ ಗೋವಾದ ಖಾಜನ್‌ಗಳನ್ನು ಹೆಸರಿಸಿ, ಅವುಗಳ ನಕ್ಷೆ ತಯಾರಿಸಬೇಕು, ನಿರ್ವಹಣಾ ಯೋಜನೆ ಮಾಡಬೇಕು, ಅಲ್ಲಿ ಅಭಿವೃದ್ಧಿ ಕಾಮಗಾರಿ ಕೂಡದು ಎಂದಿತು. ಒಳ್ಳೆಯ ಮಾತು. ಆದರೆ ಮಣ್ಣು ಹೊರಗಿನವರಿಂದ ಉಳಿಯಬೇಕೆಂಬುದಷ್ಟೇ ಆ ಮಾತಿನಲ್ಲಿದೆ. ಒಳಗೆ ತೂಬಿನ ಹಲಗೆಯನ್ನು ಯಾರು ಯಾವಾಗ ಎತ್ತಬೇಕು ಎಂಬುದನ್ನು ಅಧಿಸೂಚನೆ ಹೇಳಲಾರದು.

ಹೊರಗಿನ ಪೆಟ್ಟುಗಳೂ ಕಡಿಮೆಯೇನಲ್ಲ. ದಶಕಗಳ ಕಾಲ ಕಬ್ಬಿಣದ ಅದಿರು ಹೊತ್ತ ಬಾರ್ಜುಗಳು ಈ ನದಿಗಳಲ್ಲಿ ಓಡಾಡಿದವು. ಅವು ಎಬ್ಬಿಸಿದ ಅಲೆಗಳು ದಂಡೆಯ ಕಟ್ಟಗಳನ್ನು ಕೊರೆದವು. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿತು, ಮತ್ತೆ ಶುರುವಾದದ್ದು 2018ರಲ್ಲಿ ಇನ್ನೊಮ್ಮೆ ನಿಂತಿತು. 1990ರ ದಶಕದಲ್ಲಿ ಕೊಂಕಣ ರೈಲಿನ ಹಳಿಯ ದಾರಿಯ ಬಗ್ಗೆ ಗೋವಾದಲ್ಲಿ ದೊಡ್ಡ ಹೋರಾಟವೇ ನಡೆಯಿತು. ಖಾಜನ್ ಗದ್ದೆಗಳ ನಡುವೆ ಮಣ್ಣಿನ ದಿಬ್ಬ ಎಬ್ಬಿಸಿದರೆ ನೀರಿನ ಓಡಾಟ ಕೆಡುತ್ತದೆ ಎಂಬುದು ಅದರ ಮುಖ್ಯ ಆಕ್ಷೇಪಗಳಲ್ಲೊಂದು. ಈಚಿನ ವರ್ಷಗಳಲ್ಲಿ ಜುವಾರಿಗೆ ಬೋರಿಯಲ್ಲಿ ಹೊಸ ಸೇತುವೆ ಕಟ್ಟುವ ಯೋಜನೆಗೆ ಬೋರಿ, ಲೋಟ್ಲಿಯ ರೈತರು ಎದುರು ನಿಂತಿರುವುದೂ ಇದೇ ಕಾರಣಕ್ಕೆ. ಪಣಜಿಗೆ ಅಂಟಿಕೊಂಡ ತಾಳೆಗಾಂವ್‌ನಲ್ಲಿ ಪ್ರತಿ ವರ್ಷ ಆಗಸ್ಟ್ 21ರಂದು ಹೊಸ ತೆನೆ ಕೊಯ್ದು ಇಗರ್ಜಿಯಲ್ಲಿ ಆಶೀರ್ವಾದ ಪಡೆಯುವ ‘ಕಣ್ಸಾಚೆಂ ಫೆಸ್ತ್’ ಇನ್ನೂ ನಡೆಯುತ್ತದೆ. ತೆನೆ ಕೊಯ್ಯುವ ಗದ್ದೆಗಳ ಅಂಚಿಗೆ ಮಾತ್ರ ಕಟ್ಟಡಗಳು ಬಂದು ನಿಂತಿವೆ. ಭತ್ತದ ಗದ್ದೆಯನ್ನು ಬೇಸಾಯಗಾರರಲ್ಲದವರಿಗೆ ಮಾರುವುದನ್ನು ತಡೆಯಲು ಗೋವಾ 2023ರಲ್ಲಿ ಹೊಸ ಕಾನೂನು ಮಾಡಬೇಕಾಯಿತು ಎಂದರೆ ಒತ್ತಡ ಎಷ್ಟಿದೆ ಎಂದು ನೀವೇ ಊಹಿಸಿ.

ಕನ್ನಡಿಗರಿಗೆ ಬರೆಯುವಾಗ ಮಹದಾಯಿಯ ಮಾತು ಎತ್ತದೆ ಇರಲಾಗದು. ಖಾನಾಪುರದ ಕಾಡಿನಲ್ಲಿ ಹುಟ್ಟುವ ಆ ಹೊಳೆಯೇ ಗೋವಾದಲ್ಲಿ ಮಾಂಡೋವಿ. 2018ರ ಆಗಸ್ಟ್‌ನಲ್ಲಿ ಆ ನೀರಿಗಾಗಿ ನಡೆದ ಹೋರಾಟದಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಟಿಎಂಸಿ ಎಂದು ಹಂಚಿತು. ನರಗುಂದ, ನವಲಗುಂದದ ರೈತರ ಬಾಯಾರಿಕೆ ಸುಳ್ಳಲ್ಲ. ಆ ಹೋರಾಟದ ಸರಿತಪ್ಪು ತೀರ್ಮಾನಿಸುವುದು ಈ ಪತ್ರದ ಕೆಲಸವಲ್ಲ. ಆದರೆ ನದಿಯ ತುದಿಯಲ್ಲಿ ಖಾಜನ್ ಇದೆ ಎಂಬುದು ನೆನಪಿನಲ್ಲಿರಲಿ. ಮೇಲಿನಿಂದ ಬರುವ ಸಿಹಿನೀರಿನ ಬಲ ಎಷ್ಟಿದೆ ಎಂಬುದರ ಮೇಲೆ ಕೆಳಗಿನಿಂದ ಏರುವ ಉಪ್ಪು ಎಲ್ಲಿಯವರೆಗೆ ಬರುತ್ತದೆ ಎಂಬುದು ನಿಂತಿದೆ. ಅಳಿವೆಯ ರೈತರಾದ ನಿಮಗೆ ಇದು ಅನುಭವದ ಮಾತು. ಕರ್ನಾಟಕದಲ್ಲಿ ಈ ಚರ್ಚೆ ಬಂದಾಗ ಅಳಿವೆಯ ಪರವಾಗಿ ತಿಳಿದು ಮಾತನಾಡಬಲ್ಲ ಕನ್ನಡಿಗರು ನೀವು.

ಈಗ ನಿಮ್ಮ ಮಗ್ಗುಲಿಗೆ ಬರೋಣ. ಅಘನಾಶಿನಿಯ ದಂಡೆಯಲ್ಲಿ ಹಿಂದೆ ಊರವರೇ ಮಣ್ಣಿನ ಕಟ್ಟ ಹಾಕುತ್ತಿದ್ದರು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಸರ್ಕಾರ ಗಟ್ಟಿ ಕಟ್ಟಗಳನ್ನು ಕಟ್ಟಿಸಿತು. ಅದರ ಬೆನ್ನಿಗೇ ಸೀಗಡಿಯ ಗುತ್ತಿಗೆ ಬಂತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸೀಗಡಿ ಕೃಷಿಗೆ ಕಡಿವಾಣ ಹಾಕಿದಾಗಲೂ ಸಾಂಪ್ರದಾಯಿಕ ಪದ್ಧತಿಯನ್ನು ಹೊರಗಿಟ್ಟಿತು. ಭತ್ತದ ನಂತರ ಮೀನು ಎಂಬ ನಿಮ್ಮ ಹಳೆಯ ಕ್ರಮಕ್ಕೆ ಆ ತೀರ್ಪಿನಲ್ಲಿ ಜಾಗವಿದೆ. ಮನುಷ್ಯನೆತ್ತರ ಬೆಳೆದು, ಉಪ್ಪನ್ನೂ ನೆರೆಯನ್ನೂ ತಾಳಿ ನಿಲ್ಲುವ ಕಗ್ಗ ಭತ್ತವನ್ನು ಮಾಣಿಕಟ್ಟಾದವರು ಇನ್ನೂ ಬಿಟ್ಟಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತೀರಿ, ಅದು ಕೊಳೆತು ಮೀನಿಗೆ, ಸೀಗಡಿಗೆ ಆಹಾರವಾಗುತ್ತದೆ, ಅದನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ಗೊಬ್ಬರದ ಅಂಗಡಿಗೆ ಹೋಗಬೇಕಿಲ್ಲ. 2024ರ ಜನವರಿ ಕೊನೆಗೆ 4,801 ಹೆಕ್ಟೇರ್‌ನ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಟ್ಟದ ಆ ಗೌರವದಲ್ಲಿ ಬಳಚು ಹೆಕ್ಕುವ ಹೆಂಗಸರ, ಕಗ್ಗ ಬಿತ್ತುವ ರೈತರ ದುಡಿಮೆಯ ಪಾಲೂ ಇದೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಮುಂದಿನ ಸಲ ಸಂಘದಲ್ಲಿ ಸೀಗಡಿ ಗುತ್ತಿಗೆಯ ಕರಾರು ಬರೆಯುವಾಗ, ತೂಬಿನ ಹಲಗೆ ಎತ್ತುವ ಹಕ್ಕನ್ನು ಗುತ್ತಿಗೆದಾರನಿಗೆ ಬರೆದುಕೊಡಬೇಡಿ. ಭತ್ತ ಬೆಳೆಯುವವರಲ್ಲೇ ಒಬ್ಬರ ಕೈಯಲ್ಲಿ ಅದು ಇರಲಿ. ಗುತ್ತಿಗೆಗೆ ತಿಂಗಳ ಗಡಿ ಇರಲಿ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ನವೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ ಸೀಗಡಿ, ಉಳಿದ ಕಾಲ ಭತ್ತದ್ದು ಎಂಬ ಕ್ರಮವಿದೆ. ಅಲ್ಲಿಯೂ ಅದನ್ನು ಮೀರುವವರಿದ್ದಾರೆ, ಆದರೆ ಮೀರಿದರೆ ಕೇಳುವುದಕ್ಕೆ ಒಂದು ಗೆರೆಯಾದರೂ ಇದೆ. ಹರಾಜಿನ ಹಣ ಬಂದ ದಿನವೇ ಕಟ್ಟದ ಪಾಲನ್ನು ಬೇರೆ ತೆಗೆದಿಡಿ. ಗೋವಾದಲ್ಲಿ ಎಡವಿದ್ದು ಇಲ್ಲೇ: ಮೊದಲು ಹಂಚಿಕೊಂಡು, ಆಮೇಲೆ ಕಟ್ಟದ ರಿಪೇರಿಗೆ ಇಲಾಖೆಯ ಬಾಗಿಲು ಬಡಿದದ್ದು.

ಕಗ್ಗದ ಬೀಜ ಒಂದೇ ಕಣಜದಲ್ಲಿ ಇಡಬೇಡಿ. ಕೊರ್ಗುಟ್ ಇಳುವರಿ ಕಡಿಮೆ ಎಂದು ಗೋವಾದ ಎಷ್ಟೋ ಮನೆಗಳು ಕೈಬಿಟ್ಟವು. ಆಮೇಲೆ ಹಳೆ ಗೋವಾದ ಏಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಉಳಿದಿದ್ದ ಕೊರ್ಗುಟ್ ತಳಿಯಿಂದಲೇ ಆಯ್ದು ‘ಗೋವಾ ಧಾನ್’ ಎಂಬ ಉಪ್ಪು ತಡೆಯುವ ತಳಿಗಳನ್ನು ತಂದರು. ಯಾರೋ ಕೆಲವರು ಹಟ ಹಿಡಿದು ಬಿತ್ತುತ್ತಾ ಬಂದಿದ್ದರಿಂದ ಅದು ಸಾಧ್ಯವಾಯಿತು. ಸಮುದ್ರದ ಮಟ್ಟ ಏರುತ್ತಿರುವ ಕಾಲದಲ್ಲಿ ಇಂಥ ಬೀಜ ನಿಮ್ಮ ಊರಿನ ಗದ್ದೆಗಷ್ಟೇ ಸಂಬಂಧಪಟ್ಟದ್ದಲ್ಲ.

ಮಾತಿಗಿಂತ ಕಣ್ಣಾರೆ ನೋಡುವುದು ಒಳ್ಳೆಯದು. ನಿಮ್ಮ ಸಂಘದಿಂದ ನಾಲ್ಕೈದು ಜನ, ಅದರಲ್ಲಿ ಇಬ್ಬರಾದರೂ ಹೆಂಗಸರು, ಒಮ್ಮೆ ಗೋವಾಕ್ಕೆ ಬನ್ನಿ. ಕುಮಟಾದಲ್ಲಿ ಬೆಳಗಿನ ರೈಲು ಹತ್ತಿದರೆ ಮಡಗಾಂವ್ ದಾಟಿ ಕರ್ಮಳಿಗೆ ಹೋಗುವ ದಾರಿಯಲ್ಲಿ ಜುವಾರಿ ಸೇತುವೆ ಬರುತ್ತದೆ. ಅಲ್ಲಿ ಕಿಟಕಿಗೆ ಬನ್ನಿ. ನದಿಯ ದಂಡೆಯಲ್ಲಿ ಕಟ್ಟದ ಗೆರೆ ಕಾಣುತ್ತದೆ, ಕೆಲವು ಕಡೆ ಅದರ ಒಳಗೆ ಗದ್ದೆ, ಕೆಲವು ಕಡೆ ಬರೀ ನೀರು. ಪುಷ್ಯ ಅಮಾವಾಸ್ಯೆಯ ಹೊತ್ತಿಗೆ ಬಂದರೆ ದುರ್ಭಾಟ್‌ನ ಮಣ್ಣಿನ ಮೊಸಳೆ ಸಿಗುತ್ತದೆ. ಮೇ ತಿಂಗಳಲ್ಲಿ ಬಂದರೆ ಮಳೆಗೆ ಮುಂಚೆ ಕಟ್ಟಕ್ಕೆ ಮಣ್ಣು ಹಾಕುವ ಕೆಲಸ. ಚೋಡಣಕ್ಕೆ ರಿಬಂದರಿನಿಂದ ಫೆರಿ ಇದೆ. ಬರುವಾಗ ಕಗ್ಗದ ಬೀಜ ಒಂದು ಸೇರು ತನ್ನಿ. ಕೊರ್ಗುಟ್ ಇನ್ನೂ ಬಿತ್ತುವ ಮನೆಗಳಿಗೆ ಒಟ್ಟಿಗೆ ಹೋಗಿ, ಅವರ ಕಣಜದಿಂದ ಒಂದು ಸೇರು ಕೇಳೋಣ.

ಇಂತಿ,
ಗೋವಾದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ